ಗ್ಲೌಸ್ ಕಳಚಿದ ಮೇಲೆ ಕೈಗೇನಾಗುತ್ತದೆ

ಐಸ್ ಹಾಕಿಯಲ್ಲಿ ಹೊಡೆದಾಟ ಶುರುವಾದರೆ ಎಲ್ಲರ ಕಣ್ಣೂ ಏಟು ತಿಂದವನ ಮುಖದ ಮೇಲೆ. ನಾನು ಮಾತ್ರ ಹೊಡೆದವನ ಕೈ ನೋಡುತ್ತೇನೆ. ಕೆನಡಾದಲ್ಲಿ ಕೈ ಪೆಟ್ಟುಗಳಿಗೆ ಫಿಸಿಯೋಥೆರಪಿ ಮಾಡುವವಳು ನಾನು, ಚಾಳಿ ಬಿಡೋದಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳಲ್ಲಿ 'ಎನ್‌ಫೋರ್ಸರ್' ಅಂತ ಒಬ್ಬ ಇರುತ್ತಿದ್ದ. ಗೋಲು ಹೊಡೆಯುವುದು ಅವನ ಕೆಲಸ ಅಲ್ಲ. ತಮ್ಮ ಸ್ಟಾರ್ ಆಟಗಾರನನ್ನು ಯಾರಾದರೂ ಬೇಕಂತಲೇ ಗುದ್ದಿದರೆ ಎದುರು ಹೋಗಿ ಗ್ಲೌಸ್ ಕಳಚಿ ಹೊಡೆದಾಡಬೇಕು. ಆ ಕಾಲದ ದೊಡ್ಡ ಸ್ಟಾರ್ ವೇಯ್ನ್ ಗ್ರೆಟ್ಜ್‌ಕಿಗೂ ಇಂಥ ಕಾವಲು ಇತ್ತು. 1988ರಲ್ಲಿ ಅವನು ಎಡ್ಮಂಟನ್ ತಂಡ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದಾಗ ಕಾವಲಿನ ಮಾರ್ಟಿ ಮೆಕ್‌ಸಾರ್ಲಿಯೂ ಅದೇ ಒಪ್ಪಂದದಲ್ಲಿ ಜೊತೆಗೆ ಹೋದ. ಹೊಡೆದಾಡಿದರೆ 5 ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು, ಅಷ್ಟೇ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ನಂಬೋಕೇ ಆಗೋದಿಲ್ಲ, ಅಲ್ವಾ?

ಬಾಕ್ಸರುಗಳು ಕೈಗೆ ಪಟ್ಟಿ ಸುತ್ತಿ ಮೇಲೆ ದಪ್ಪ ಗ್ಲೌಸ್ ಹಾಕುತ್ತಾರೆ. ಇಲ್ಲಿ ಬರಿಗೈ. ಒಂದು ಕೈ ಎದುರಾಳಿಯ ಜರ್ಸಿ ಹಿಡಿದಿರುತ್ತದೆ, ಕಾಲ ಕೆಳಗೆ ಮಂಜುಗಡ್ಡೆ, ಗುರಿಯ ಮಾತೆಲ್ಲಿ ಬಂತು. ಗಲ್ಲಕ್ಕೆ ಬೀಸಿದ್ದು ಹೆಲ್ಮೆಟ್‌ಗೆ ಬಡಿಯುತ್ತದೆ. ಕಿರುಬೆರಳು, ಉಂಗುರಬೆರಳಿನ ಬುಡದ ಅಂಗೈ ಮೂಳೆ ಮುರಿಯುತ್ತದೆ. ನನಗೆ ಜಾಸ್ತಿ ಭಯ ಮಾತ್ರ ಎದುರಾಳಿಯ ಹಲ್ಲು ತಗುಲಿ ಗೆಣ್ಣಿನ ಮೇಲಾಗುವ ಪುಟ್ಟ ಗಾಯದ್ದು. ಮುಷ್ಟಿ ಬಿಚ್ಚಿದ ಕೂಡಲೇ ಚರ್ಮ ಸರಿದು ಒಳಗಿನ ಗಾಯ ಮುಚ್ಚಿಹೋಗುತ್ತದೆ, ಬಾಯಿಯ ಕ್ರಿಮಿ ಕೀಲಿನೊಳಗೇ ಉಳಿಯುತ್ತದೆ, ಒಂದೆರಡು ದಿನದಲ್ಲಿ ಕೈ ಬಾತು ಕೀವು ತುಂಬುತ್ತದೆ. ಸುಮ್ನೆ ಬ್ಯಾಂಡೇಜ್ ಹಚ್ಚಿ ಕೂರುವ ಗಾಯವಲ್ಲ ಅದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಕೆಳಹಂತದ ಲೀಗಿನಲ್ಲಿ ಹೊಡೆದಾಡಿಯೇ ಹೊಟ್ಟೆ ಹೊರೆದ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಬಲಗೈ ಪೂರ್ತಿ ಮಡಚಲೂ ಆಗದು, ಬಿಚ್ಚಲೂ ಆಗದು, ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು. ಮೂಳೆ ಕೂಡುವವರೆಗೆ ಕಾಯಬಾರದಿತ್ತೇ ಅಂದೆ. ನಕ್ಕರು. ಆರು ವಾರ ಕೂತರೆ ಆ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ, ಅದಕ್ಕೇ ನೋವಿನ ಮಾತ್ರೆ ನುಂಗಿ ಇಳಿಯುತ್ತಿದ್ದೆ ಅಂದರು.

ಆ ಮಾತ್ರೆಯ ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಎನ್‌ಎಚ್‌ಎಲ್ ಎನ್‌ಫೋರ್ಸರ್ ಡೆರೆಕ್ ಬೂಗಾರ್ಡ್ ಉದಾಹರಣೆ. 6 ಅಡಿ 7 ಇಂಚಿನ ಆಳು. 277 ಪಂದ್ಯ, 3 ಗೋಲು, 589 ಪೆನಾಲ್ಟಿ ನಿಮಿಷ. 2006ರಲ್ಲಿ ಅವನ ಏಟಿಗೆ ಎದುರಾಳಿ ಟಾಡ್ ಫೆಡೊರುಕ್‌ನ ಕೆನ್ನೆಮೂಳೆ ಪುಡಿಯಾಗಿ ಲೋಹದ ಪ್ಲೇಟ್ ಕೂರಿಸಬೇಕಾಯಿತು. ವಿಚಿತ್ರ ನೋಡಿ, ಮರುವರ್ಷ ಇಬ್ಬರೂ ಮಿನೆಸೊಟಾ ತಂಡದಲ್ಲಿ ಒಟ್ಟಿಗೆ ಆಡುತ್ತಿದ್ದರು. ಬೂಗಾರ್ಡ್‌ಗೆ ಆಪರೇಷನ್ನುಗಳಾದವು, ನೋವಿನ ಮಾತ್ರೆ ಚಟವಾಯಿತು. 2010ರ ಡಿಸೆಂಬರ್‌ನಲ್ಲಿ ಕೊನೆಯ ಹೊಡೆದಾಟ, ತಲೆಗೆ ಪೆಟ್ಟು. 2011ರ ಮೇ ತಿಂಗಳಲ್ಲಿ ಆಕ್ಸಿಕೋಡೋನ್ ಅನ್ನುವ ನೋವಿನ ಮಾತ್ರೆ ಮತ್ತು ಮದ್ಯ ಎರಡೂ ಸೇರಿ ಜೀವ ಹೋಯಿತು. ವಯಸ್ಸು 28. ಬಾಸ್ಟನ್ ವಿಶ್ವವಿದ್ಯಾಲಯದವರು ಮೆದುಳು ಪರೀಕ್ಷಿಸಿದಾಗ ಸಿಟಿಇ ಸಿಕ್ಕಿತು, ತಲೆಗೆ ಪದೇಪದೇ ಪೆಟ್ಟು ತಿಂದವರಲ್ಲಿ ಕಾಣುವ ಕಾಯಿಲೆ.

ಈಗ ಆ ಕೆಲಸವೇ ಹೆಚ್ಚುಕಮ್ಮಿ ಇಲ್ಲ. ಮೊದಲು ಕೈ ಎತ್ತಿದವನಿಗೆ ಹೆಚ್ಚಿನ ಶಿಕ್ಷೆ ಕೊಡುವ ನಿಯಮ 1992ರಲ್ಲೇ ಬಿಗಿಯಾಯಿತು. 2005ರ ನಂತರ ಆಟದ ವೇಗ ಏರಿತು, ಸಂಬಳಕ್ಕೂ ಮಿತಿ ಬಂತು, ಪಂದ್ಯಕ್ಕೆ ಐದಾರು ನಿಮಿಷ ಆಡುವವನಿಗೆ ಯಾರು ದುಡ್ಡು ಕೊಡುತ್ತಾರೆ? 2013ರಲ್ಲಿ ಹೊಡೆದಾಟಕ್ಕೆ ಮುಂಚೆ ತನ್ನ ಹೆಲ್ಮೆಟ್ ತಾನೇ ತೆಗೆದರೂ ಪೆನಾಲ್ಟಿ ಅಂತಾಯಿತು. ಒಂದು ಪಂದ್ಯದಲ್ಲಿ ಇಬ್ಬರು ಒಬ್ಬರ ಹೆಲ್ಮೆಟ್ ಇನ್ನೊಬ್ಬರು ಮೆಲ್ಲಗೆ ತೆಗೆದುಕೊಟ್ಟು ಆಮೇಲೆ ಗುದ್ದಾಡಿದರು! ಕೈಗಳ ದೃಷ್ಟಿಯಿಂದ ಅವರು ಮಾಡಿದ್ದು ಸರಿಯೇ, ತಲೆಗಳ ಕಥೆ ಬೇರೆ.

ಈಗ ನನ್ನಲ್ಲಿಗೆ ಬರುವ ಎಳೆಯ ಆಟಗಾರರದ್ದೆಲ್ಲ ಪಕ್ (ಆಟದ ಗಟ್ಟಿ ರಬ್ಬರ್ ಬಿಲ್ಲೆ) ಬಡಿದು ಮುರಿದ ಬೆರಳು. ಗುದ್ದಾಡಿ ಸೊಟ್ಟಗಾದ ಕೈ ಅಂದರೆ ಬಂದವರ ತಲೆ ನರೆತಿರುತ್ತದೆ.