ಓಟು ಯಾರಿಗೆ, ಟಿವಿ ಹಕ್ಕು ಯಾರದ್ದು: ಅಮೆರಿಕದ ಕಾಲೇಜು ಕಾನ್ಫರೆನ್ಸ್ ಜಗಳಗಳು

ಮೊದಲು ಅಮೆರಿಕದ ಮ್ಯಾಪ್ ತೆಗೆಯಿರಿ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಕಡೆ. ಆದರೆ 2024ರಿಂದ ಅವು ಆಡುತ್ತಿರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ, ಅಂದರೆ ಎಸಿಸಿಯಲ್ಲಿ. ಹೆಸರಿಗೂ ಊರಿಗೂ ಸಂಬಂಧವೇ ಇಲ್ಲ ಅಲ್ವಾ? ಇದು ಹೇಗಾಯಿತು ಎಂದು ಕೆದಕಿದರೆ ಕೊನೆಗೆ ಸಿಗುವುದು ಎರಡೇ ಪ್ರಶ್ನೆ. ಸಭೆಯಲ್ಲಿ ಓಟು ಯಾರಿಗೆ? ಪಂದ್ಯದ ಟಿವಿ ಹಕ್ಕು ಯಾರದ್ದು? ಕೇಸುಗಳು ಎಷ್ಟೇ ಇರಲಿ, ಇವೆರಡನ್ನು ಹಿಡಿದುಕೊಂಡು ಓದಿದರೆ ದಾರಿ ತಪ್ಪುವುದಿಲ್ಲ.

ಕಾನ್ಫರೆನ್ಸ್ ಎಂದರೆ ಇಲ್ಲಿ ಭಾಷಣದ ಸಭೆ ಅಲ್ಲ. ತಮ್ಮತಮ್ಮಲ್ಲೇ ಪಂದ್ಯ ಆಡಿಕೊಂಡು, ಬಂದ ಟಿವಿ ದುಡ್ಡನ್ನು ಹಂಚಿಕೊಳ್ಳುವ ಯೂನಿವರ್ಸಿಟಿಗಳ ಕೂಟ. ಮೊದಲು (ಅಮೆರಿಕನ್) ಫುಟ್‌ಬಾಲ್ ಪ್ರಸಾರವೆಲ್ಲ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಹಿಡಿತದಲ್ಲಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಆ ಹಿಡಿತವನ್ನು ಮುರಿಯಿತು. (ಒಪ್ಪದ ಇಬ್ಬರಲ್ಲಿ ಒಬ್ಬರಾದ ಜಡ್ಜ್ ಬೈರನ್ ವೈಟ್ ಸ್ವತಃ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ್ದ ಆಟಗಾರ!) ಅಲ್ಲಿಂದ ಮುಂದೆ ಪ್ರಸಾರ ಹಕ್ಕನ್ನು ಮಾರುವ ಕೆಲಸ ಕಾನ್ಫರೆನ್ಸ್‌ಗಳ ಕೈಗೆ ಬಂತು. ಜಾಸ್ತಿ ದುಡ್ಡಿನ ಕೂಟಕ್ಕೆ ಹಾರುವ ಆಸೆಯೂ ಬಂತು.

ಈಗ ಓಟಿನ ಪ್ರಶ್ನೆ. ಇದಕ್ಕೆ ಪ್ಯಾಕ್-12 ಕೇಸಿಗಿಂತ ಒಳ್ಳೆಯ ಪಾಠ ಇಲ್ಲ. ಅದು ಪಶ್ಚಿಮದ ಹನ್ನೆರಡು ಯೂನಿವರ್ಸಿಟಿಗಳ ಕಾನ್ಫರೆನ್ಸ್; ಸ್ಟ್ಯಾನ್‌ಫರ್ಡ್, ಬರ್ಕ್ಲಿ ಮೊದಲು ಇದ್ದದ್ದು ಇಲ್ಲೇ. 2022ರ ಜೂನ್ 30ರಂದು ಅದರ ಸದಸ್ಯರಾದ ಯುಎಸ್‌ಸಿ ಮತ್ತು ಯುಸಿಎಲ್‌ಎ ಯೂನಿವರ್ಸಿಟಿಗಳು ತಾವು ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೋಗುತ್ತೇವೆ ಎಂದವು. 2023ರ ಜುಲೈನಲ್ಲಿ ಕೊಲೊರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಯೂನಿವರ್ಸಿಟಿಗಳು ಗಂಟುಮೂಟೆ ಕಟ್ಟಿದವು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿಗೂ ಎಸಿಸಿ ಬಾಗಿಲು ತೆರೆಯಿತು. ಹನ್ನೆರಡರಲ್ಲಿ ಉಳಿದದ್ದು ಎರಡು: ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಹೊರಟ ಹತ್ತು ಮಂದಿ ಇನ್ನೂ ಒಂದು ವರ್ಷ ಅಲ್ಲೇ ಆಡಬೇಕಿತ್ತು. ಆಡಳಿತ ಮಂಡಳಿಯಲ್ಲಿ ಅವರೂ ಕೂತರೆ ಹತ್ತಕ್ಕೆ ಎರಡು. ಕಾನ್ಫರೆನ್ಸನ್ನೇ ಮುಚ್ಚಿ ಖಜಾನೆ ಹಂಚಿಕೊಳ್ಳೋಣ ಎಂದು ಕೈ ಎತ್ತಿದರೆ ಮುಗಿಯಿತು. ಅದಕ್ಕೇ ಉಳಿದ ಇಬ್ಬರು ಸೆಪ್ಟೆಂಬರ್ 8ರಂದು ವಾಷಿಂಗ್ಟನ್ ರಾಜ್ಯದ ವಿಟ್‌ಮನ್ ಕೌಂಟಿ (ನಮ್ಮ ಜಿಲ್ಲೆಯಂತೆ) ಕೋರ್ಟಿಗೆ ಓಡಿದರು. ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರು ಅದೇ ಕೌಂಟಿಯದ್ದು. ಇದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ.

ವಾದ ನಿಂತದ್ದು ಕಾನ್ಫರೆನ್ಸ್‌ನ ಬೈಲಾದ (ಒಳನಿಯಮಗಳ) ಒಂದು ಕಲಮಿನ ಮೇಲೆ. 2024ರ ಆಗಸ್ಟ್ 1ಕ್ಕೆ ಮೊದಲು ಯಾವ ಸದಸ್ಯ ಹೊರಹೋಗುವ ನೋಟಿಸ್ ಕೊಡುತ್ತದೋ ಅದಕ್ಕೆ ಮಂಡಳಿಯಲ್ಲಿ ಜಾಗವಿಲ್ಲ, ಓಟೂ ಇಲ್ಲ. ಹೊರಟವರು, ‘ನಾವು ಹೋಗುವುದು ಆ ತಾರೀಖು ಕಳೆದ ಮೇಲೆ, ಹಾಗಾಗಿ ಈ ಕಲಮು ನಮಗೆ ಅನ್ವಯಿಸಲ್ಲ’ ಎಂದರು. ನಾನು ಮೊದಲ ಸಲ ಓದಿದಾಗ ಇದೇ ಸರಿ ಅನ್ನಿಸಿತ್ತು. ಆದರೆ ಹಳೆಯ ನಡವಳಿಕೆ ಅವರ ಕಾಲಿಗೇ ತೊಡರಿತು. ಯುಎಸ್‌ಸಿ, ಯುಸಿಎಲ್‌ಎ ಹೋಗುತ್ತೇವೆ ಎಂದಾಗ ಅವನ್ನು ಮಂಡಳಿಯಿಂದ ಹೊರಗಿಟ್ಟಿದ್ದರು. ಕೊಲೊರಾಡೊಗೂ ಅದೇ ಆಯಿತು. ಆಗ ಒಳಗೆ ಕೂತಿದ್ದವರು, ತಮ್ಮ ಸರದಿ ಬಂದಾಗ ಕಲಮಿಗೆ ಬೇರೆ ಅರ್ಥ ಇದೆ ಎಂದರೆ ಯಾರು ಒಪ್ಪುತ್ತಾರೆ? ಒಪ್ಪಂದದ ಮಾತು ಎರಡು ಅರ್ಥಕ್ಕೆ ಎಡೆಕೊಟ್ಟಾಗ ಸಹಿ ಮಾಡಿದವರು ಹೇಗೆ ನಡೆದುಕೊಂಡರು ಎಂಬುದೂ ಸಾಕ್ಷಿಯೇ. ಈ ಸಾಲಿಗೆ ಅಡಿಗೆರೆ ಹಾಕಿಕೊಳ್ಳಿ.

ನವೆಂಬರ್ 14ಕ್ಕೆ ಜಡ್ಜ್ ಮಂಡಳಿಯ ಹಿಡಿತವನ್ನು ಉಳಿದ ಇಬ್ಬರಿಗೆ ಕೊಟ್ಟರು. ತಡೆಯಲು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದದ್ದು ಯೂನಿವರ್ಸಿಟಿ ಆಫ್ ವಾಷಿಂಗ್ಟನ್. ಒಂದೇ ರಾಜ್ಯದ ಎರಡು ಸರ್ಕಾರಿ ಯೂನಿವರ್ಸಿಟಿಗಳು ಎದುರುಬದುರು! ಡಿಸೆಂಬರ್ 15ರಂದು ಆ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಕೆಲವೇ ದಿನದಲ್ಲಿ ರಾಜಿಯಾಯಿತು. ಹೊರಟ ಹತ್ತು ಮಂದಿಯಿಂದ ಒಟ್ಟು 6.5 ಕೋಟಿ ಡಾಲರ್ ಉಳಿದವರಿಗೆ ಬಂತು.

ಇನ್ನು ಟಿವಿ ಹಕ್ಕು. ಇಲ್ಲಿ ಕಲಿಯಬೇಕಾದ ಪದ ‘ಗ್ರಾಂಟ್ ಆಫ್ ರೈಟ್ಸ್’. ಮಾವಿನ ತೋಪಿನ ಫಸಲನ್ನು ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ನೀವು ಊರು ಬಿಡಬಹುದು, ಯಾರೂ ತಡೆಯಲ್ಲ. ಹಣ್ಣು ಮಾತ್ರ ಗುತ್ತಿಗೆದಾರನದ್ದು. ಎಸಿಸಿ ಸದಸ್ಯರು ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು ಹೀಗೆಯೇ 2036ರವರೆಗೆ ಕಾನ್ಫರೆನ್ಸ್‌ಗೆ ಬರೆದುಕೊಟ್ಟಿದ್ದಾರೆ. ಟಿವಿಯಲ್ಲಿ ತೋರಿಸಲಾಗದ ತಂಡ ಯಾರಿಗೆ ಬೇಕು?

2023ರ ಡಿಸೆಂಬರ್‌ನಲ್ಲಿ 13 ಪಂದ್ಯ ಆಡಿ 13ನ್ನೂ ಗೆದ್ದಿದ್ದ ಎಸಿಸಿ ಸದಸ್ಯ ಫ್ಲಾರಿಡಾ ಸ್ಟೇಟ್‌ಗೆ ಪ್ಲೇಆಫ್‌ನಲ್ಲಿ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಪಂದ್ಯಗಳಲ್ಲಿ, ಜಾಗ ಸಿಗಲಿಲ್ಲ. ಅಸಮಾಧಾನ ಮೊದಲೇ ಇತ್ತು, ಇದು ತುಪ್ಪ ಸುರಿಯಿತು. ಡಿಸೆಂಬರ್ 22ರಂದು ಅದು ತನ್ನೂರಿನ ಲಿಯಾನ್ ಕೌಂಟಿ ಕೋರ್ಟಿನಲ್ಲಿ ಕೇಸು ಹಾಕಿತು. ಎಸಿಸಿಯಿಂದ ಹೊರಬರಲು ತನಗೆ ತಗಲುವ ಖರ್ಚು 57.2 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟಿತು. ಆದರೆ ಎಸಿಸಿ ಒಂದು ದಿನ ಮೊದಲೇ, 21ರಂದು, ನಾರ್ತ್ ಕ್ಯಾರೊಲಿನಾದ ಮೆಕ್ಲೆನ್‌ಬರ್ಗ್ ಕೌಂಟಿಯಲ್ಲಿ ಕೇಸು ಹಾಕಿಯಾಗಿತ್ತು. ಎಸಿಸಿ ಕಚೇರಿ ಇರುವ ಷಾರ್ಲೆಟ್ ಅಲ್ಲೇ ಇದೆ. 2024ರ ಮಾರ್ಚ್‌ನಲ್ಲಿ ಇನ್ನೊಬ್ಬ ಎಸಿಸಿ ಸದಸ್ಯ ಕ್ಲೆಮ್ಸನ್ ಕೂಡ ಕೇಸು ಹಾಕಲು ತನ್ನದೇ ಪಿಕೆನ್ಸ್ ಕೌಂಟಿಯ ಕೋರ್ಟಿಗೆ ಹೋಯಿತು. ಆಟದಲ್ಲಷ್ಟೇ ಅಲ್ಲ, ಕೋರ್ಟಿನಲ್ಲೂ ತವರು ಮೈದಾನ ಅಂತ ಒಂದು ಇದೆ ನೋಡಿ. ಮೊದಲು ಎಲ್ಲಿ ಕೇಸು ಬಿತ್ತು ಎಂಬುದಕ್ಕೇ ತಿಂಗಳುಗಟ್ಟಲೆ ಜಗಳ ನಡೆಯಿತು.

ರಾಜಕೀಯದವರು ಸುಮ್ನೆ ಕೂರಲಿಲ್ಲ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡಕ್ಕೂ ಒಡೆಯರು ಕ್ಯಾಲಿಫೋರ್ನಿಯಾದ ರೀಜೆಂಟ್ಸ್ ಮಂಡಳಿ. ಒಬ್ಬ ಮಗ ಹೊರಟು ಇನ್ನೊಬ್ಬನಿಗೆ ನಷ್ಟವಾದಂತೆ. ಗವರ್ನರ್ ನ್ಯೂಸಮ್ ಬಹಿರಂಗವಾಗಿ ವಿವರಣೆ ಕೇಳಿದರು. 2022ರ ಡಿಸೆಂಬರ್‌ನಲ್ಲಿ ಮಂಡಳಿ 11-5ರಲ್ಲಿ ಒಪ್ಪಿತು, ಆದರೆ ಯುಸಿಎಲ್‌ಎ ಬರ್ಕ್ಲಿಗೆ ದುಡ್ಡು ಕೊಡಬೇಕು ಎಂಬ ಷರತ್ತಿನೊಂದಿಗೆ. ಕೊನೆಗೆ ಅದು ವರ್ಷಕ್ಕೆ 1 ಕೋಟಿ ಡಾಲರ್ ಆಯಿತು.

ರಾಜಕೀಯ ಒತ್ತಡ ಗೆದ್ದ ಅಪ್ಪಟ ಉದಾಹರಣೆ ಬೇಕಾದರೆ 2003ಕ್ಕೆ ಹೋಗಿ. ಎಸಿಸಿ ಬಿಗ್ ಈಸ್ಟ್ ಕೂಟದಿಂದ ತಂಡಗಳನ್ನು ಸೆಳೆಯುತ್ತಿತ್ತು. ಒಂಬತ್ತರಲ್ಲಿ ಏಳು ಓಟು ಬೇಕು. ಡ್ಯೂಕ್ ಮತ್ತು ನಾರ್ತ್ ಕ್ಯಾರೊಲಿನಾ ವಿರುದ್ಧ ಇದ್ದವು. ಹಾಗಾಗಿ ಯೂನಿವರ್ಸಿಟಿ ಆಫ್ ವರ್ಜೀನಿಯಾದ ಒಂದು ಓಟಿಗೆ ಚಿನ್ನದ ಬೆಲೆ ಬಂತು. ಗವರ್ನರ್ ಮಾರ್ಕ್ ವಾರ್ನರ್ ಅದನ್ನೇ ಹಿಡಿದರು: ನಮ್ಮ ರಾಜ್ಯದ ವರ್ಜೀನಿಯಾ ಟೆಕ್ ಬಿಟ್ಟುಹೋಗಬಾರದು. ಪಟ್ಟಿಯಲ್ಲಿದ್ದ ಸಿರಾಕ್ಯೂಸ್ ಹೊರಗುಳಿಯಿತು, ವರ್ಜೀನಿಯಾ ಟೆಕ್ ಒಳಗೆ ಬಂತು. ಆ ಹೊತ್ತಿಗೆ ಕನೆಕ್ಟಿಕಟ್‌ನ ಕೋರ್ಟಿನಲ್ಲಿ ಎಸಿಸಿ ವಿರುದ್ಧ ಕೇಸು ನಡೆಯುತ್ತಿತ್ತು. ಹಾಕಿದವರಲ್ಲಿ ಒಬ್ಬರು ಇದೇ ವರ್ಜೀನಿಯಾ ಟೆಕ್! ಆಹ್ವಾನ ಬಂದ ಮೇಲೆ ಕೇಸಿನಿಂದ ಹಿಂದೆ ಸರಿಯಿತು.

ಫ್ಲಾರಿಡಾ ಸ್ಟೇಟ್, ಕ್ಲೆಮ್ಸನ್ ಕೇಸುಗಳು 2025ರ ಮಾರ್ಚ್‌ನಲ್ಲಿ ರಾಜಿಯಾದವು. ಜಾಸ್ತಿ ಜನ ನೋಡುವ ತಂಡಕ್ಕೆ ಜಾಸ್ತಿ ಪಾಲು. ಬಿಟ್ಟುಹೋಗುವವರು 2026ಕ್ಕೆ ಕಟ್ಟಬೇಕಾದದ್ದು 16.5 ಕೋಟಿ ಡಾಲರ್. ಅದು ವರ್ಷಕ್ಕೆ 1.8 ಕೋಟಿ ಇಳಿದು, 2030-31ಕ್ಕೆ 7.5 ಕೋಟಿಗೆ ನಿಲ್ಲುತ್ತದೆ. ಕಟ್ಟಿದವರು ಟಿವಿ ಹಕ್ಕನ್ನೂ ಜೊತೆಗೆ ಒಯ್ಯಬಹುದು. ಗುತ್ತಿಗೆ ಇರುವುದು 2036ರವರೆಗೆ. ತೋಪಿನ ಬೇಲಿ ಮಾತ್ರ ಐದಾರು ವರ್ಷ ಮೊದಲೇ ತಗ್ಗಿರುತ್ತದೆ.