ಮರದ ಹಳೆ ಗೊಂಬೆಯೋ, ಹಳೆ ಮರದ ಗೊಂಬೆಯೋ? ಇಂಗ್ಲಿಷ್ ವಿಶೇಷಣಗಳ ಸಾಲು

ಕೊಪ್ಪಳದಲ್ಲಿ ನಾವು ನಾಲ್ಕು ಜನ ಸೇರಿ ಪರೀಕ್ಷೆಗೆ ಓದುತ್ತಿದ್ದೇವೆ. ಈ ವಾರ ವಿಶೇಷಣಗಳ ಕ್ರಮ. ನಿನ್ನೆ ರಾತ್ರಿ 10 ವಾಕ್ಯ ಬರೆದೆ, 6 ತಪ್ಪಾದವು. ಆರರಲ್ಲೂ ಒಂದೇ ಥರದ ತಪ್ಪು. ಅದು ಎಲ್ಲಿಂದ ಬಂತು ಅಂತ ಈಗ ಗೊತ್ತಾಗಿದೆ, ಮರೆಯುವ ಮೊದಲೇ ಬರೆದಿಡುತ್ತೇನೆ.

ಸಾಲು ಹೀಗಿದೆ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಎಲ್ಲಿಯದು, ಯಾವುದರಿಂದ ಮಾಡಿದ್ದು, ಯಾವ ಕೆಲಸದ್ದು. ಆಮೇಲೆ ನಾಮಪದ. ಎ, ದಿ, ಮೈ, ಟೂ (ಎರಡು) ಇಂಥವು ಈ ಎಂಟಕ್ಕಿಂತಲೂ ಮುಂದೆ ಬರುತ್ತವೆ. ವಯಸ್ಸು, ಆಕಾರ ಎರಡನ್ನು ಕೆಲವು ಪುಸ್ತಕಗಳು ಅದಲು ಬದಲು ಮಾಡಿರುತ್ತವೆ, ಗಾಬರಿ ಬೇಡ. ಎಂಟೂ ಒಟ್ಟಿಗೆ ಬರುವುದಿಲ್ಲ, ಎರಡು ಮೂರು ಬಂದರೆ ಜಾಸ್ತಿ.

ಈಗ ನಾನು ಎಡವಿದ ಜಾಗ. ನಮ್ಮ ಮನೆಯ ಕಪಾಟಿನಲ್ಲಿ ಅಜ್ಜಿಯ ಕಾಲದ ಕಿನ್ನಾಳ ಗೊಂಬೆ ಇದೆ. ಮೈಯೆಲ್ಲ ಕೆಂಪು, ಮೂಗಿನ ತುದಿಯಲ್ಲಿ ಬಣ್ಣ ಎದ್ದು ಮರ ಕಾಣುತ್ತದೆ. ಅದನ್ನೇ ನೋಡಿ 'ಎ ವುಡನ್ ಓಲ್ಡ್ ಡಾಲ್' ಅಂತ ಬರೆದೆ. ತಪ್ಪು. 'ಆ್ಯನ್ ಓಲ್ಡ್ ವುಡನ್ ಡಾಲ್' ಆಗಬೇಕು.

ಯಾಕೆ ಹಾಗೆ ಬರೆದೆ? ಕನ್ನಡದಲ್ಲಿ 'ಹಳೆ ಮರದ ಗೊಂಬೆ' ಅಂದರೆ ಹಳೆಯದು ಮರವೋ ಗೊಂಬೆಯೋ ತಿಳಿಯುವುದಿಲ್ಲ. ಅದಕ್ಕೇ ನಾವು 'ಮರದ'ವನ್ನು ಮುಂದೆ ತಂದು 'ಮರದ ಹಳೆ ಗೊಂಬೆ' ಅನ್ನುತ್ತೇವೆ. 'ಮರದ' ನಮ್ಮಲ್ಲಿ ಷಷ್ಠಿ ವಿಭಕ್ತಿ ಹಚ್ಚಿದ ನಾಮಪದ, ಮುಂದೆ ನಿಂತ 'ಹಳೆ' ಅದಕ್ಕೇ ಅಂಟಿಕೊಳ್ಳಬಹುದು. 'ವುಡನ್' ಹಾಗಲ್ಲ. ಅದು ಬರೀ 'ಮರದ್ದು' ಎಂಬ ಗುಣ. ಗುಣಕ್ಕೆ ವಯಸ್ಸಾಗುವುದಿಲ್ಲ, ಅಲ್ವಾ? ಹಾಗಾಗಿ 'ಓಲ್ಡ್' ಅದನ್ನು ದಾಟಿ ನೇರ ಗೊಂಬೆಗೇ ಹೋಗುತ್ತದೆ. ನಮಗಿರುವ ಗೊಂದಲ ಅಲ್ಲಿಲ್ಲ, ಅದಕ್ಕೆ ಸ್ಥಳ ಬದಲಿಸುವ ಗರಜೂ ಇಲ್ಲ.

'ಕಪ್ಪು ಮಣ್ಣಿನ ಗಡಿಗೆ'ಯೂ ಇದೇ ಕಥೆ. ನಮ್ಮ ಕಡೆ ಎರೆ ಹೊಲ ಜಾಸ್ತಿ, ಕೇಳಿದವರಿಗೆ ಮಣ್ಣೇ ಕಪ್ಪು ಅನಿಸುತ್ತದೆ. 'ಬ್ಲ್ಯಾಕ್ ಅರ್ದನ್ ಪಾಟ್' ಅಂದರೆ ಗಡಿಗೆಯೇ ಕಪ್ಪು.

ಇದರಿಂದ ನನಗೊಂದು ದಾರಿ ಸಿಕ್ಕಿತು. ಊರು, ವಸ್ತು, ಕೆಲಸ ಹೇಳುವ ಕನ್ನಡದ ಷಷ್ಠಿ ಪದಗಳನ್ನು ಮೊದಲು ಗುರುತಿಸಿ: ಕಿನ್ನಾಳದ, ಮರದ, ನೀರಿನ. ಕನ್ನಡದಲ್ಲಿ ಎಲ್ಲೇ ಇರಲಿ, ಇಂಗ್ಲಿಷಿನಲ್ಲಿ ಅವನ್ನು ಎತ್ತಿ ನಾಮಪದದ ಪಕ್ಕ ಕೂರಿಸಿ. ಅವುಗಳ ನಡುವಿನ ಕ್ರಮ ಮೇಲಿನ ಸಾಲಿನದೇ: ಮೊದಲು ಊರು, ಆಮೇಲೆ ವಸ್ತು, ಕೊನೆಗೆ ಕೆಲಸ, 'ಕಿನ್ನಾಳದ ಮರದ ಗೊಂಬೆ' ಅಂದ ಹಾಗೆ. ಉಳಿದವನ್ನು ಅವುಗಳ ಮುಂದೆ ಇಡಿ: 'ಎ ಬ್ಯೂಟಿಫುಲ್ ಓಲ್ಡ್ ರೆಡ್ ಕಿನ್ನಾಳ ವುಡನ್ ಡಾಲ್'.

'ಚಂದದ' ಕೂಡ ಷಷ್ಠಿಯ ಹಾಗೇ ಕಾಣುತ್ತದೆ, ಅಲ್ಲಿ ಮೋಸ ಹೋಗಬೇಡಿ. 'ಚಂದ ಏನಿಲ್ಲ ಬಿಡು' ಅಂತ ಯಾರಾದರೂ ವಾದ ಮಾಡಬಹುದಾದರೆ ಅದು ಅಭಿಪ್ರಾಯ, ಎಲ್ಲಕ್ಕಿಂತ ಮುಂದೆ. ಮರದ್ದು ಅನ್ನುವುದಕ್ಕೆ ವಾದವೇ ಇಲ್ಲ.

ಅಲ್ಪವಿರಾಮ: ಬೇರೆ ಬೇರೆ ಗುಂಪಿನ ಪದಗಳ ನಡುವೆ ಬೇಡ. ಎರಡು ಬಣ್ಣ ಬಂದರೆ ನಡುವೆ 'ಅಂಡ್': 'ಎ ರೆಡ್ ಅಂಡ್ ಗ್ರೀನ್ ಡಾಲ್'.

ನಾಳೆಗೆ ಒಂದು: 'ನೀರಿನ ಮಣ್ಣಿನ ದೊಡ್ಡ ಕಪ್ಪು ಗಡಿಗೆ'. ನನ್ನ ಉತ್ತರ: 'ಎ ಬಿಗ್ ಬ್ಲ್ಯಾಕ್ ಅರ್ದನ್ ವಾಟರ್ ಪಾಟ್'.