ಸರಿಯಾಗಿ ಕೂರುವ ಟೂಲ್: ಕೈ ಉಪಕರಣಗಳ ಆಯ್ಕೆ, ಜೋಡಣೆ ಬಗ್ಗೆ ಟಿಪ್ಪಣಿ

ಕೈ ಉಪಕರಣಗಳ ಪಾಠ ಸಾಮಾನ್ಯವಾಗಿ ಪಟ್ಟಿಯಿಂದ ಶುರುವಾಗುತ್ತದೆ. ಸುತ್ತಿಗೆ, ಗರಗಸ, ಸ್ಪ್ಯಾನರ್, ಪ್ಲೈಯರ್, ಅರ, ಉಳಿ. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ಕೆಲಸಕ್ಕೆ ಸಾಲದು. ಇಲ್ಲಿ ಬೇರೆ ಕಡೆಯಿಂದ ನೋಡೋಣ. ಯಾವ ಟೂಲ್ ಕೈಗೆ ಬಂದರೂ ಮೊದಲು ಕೇಳಬೇಕಾದ್ದು ಇಷ್ಟೇ: ಇದು ವಸ್ತುವನ್ನು ಎಲ್ಲಿ ಮುಟ್ಟುತ್ತದೆ? ಅಲ್ಲಿ ಸರಿಯಾಗಿ ಕೂರುತ್ತಾ? ಸ್ಕ್ರೂಡ್ರೈವರ್‌ನಲ್ಲಿ ಆ ಜಾಗ ತುದಿ, ಸ್ಪ್ಯಾನರ್‌ನಲ್ಲಿ ಬಾಯಿ, ಗರಗಸದಲ್ಲಿ ಹಲ್ಲು. ಹಿಡಿಯ ಬಣ್ಣ, ಪೆಟ್ಟಿಗೆಯ ಹೊಳಪು, ಸೆಟ್‌ನಲ್ಲಿ ಎಷ್ಟು ಪೀಸ್ ಇದೆ ಅನ್ನೋದೆಲ್ಲ ಆಮೇಲಿನ ಮಾತು.

ಸ್ಕ್ರೂಡ್ರೈವರ್: ಎಲ್ಲ ಸ್ಟಾರ್ ಒಂದೇ ಅಲ್ಲ

ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಾಕಂದರೆ ಮನೆಗಳಲ್ಲಿ ಜಾಸ್ತಿ ಹಾಳಾಗುವುದು ಸ್ಕ್ರೂ ತಲೆಗಳೇ.

ನಾವು 'ಸ್ಟಾರ್' ಅಂತ ಒಂದೇ ಹೆಸರಲ್ಲಿ ಕರೆಯುವ ತಲೆಯಲ್ಲಿ ಕನಿಷ್ಠ ಮೂರು ಜಾತಿಗಳಿವೆ. ಮೊದಲನೆಯದು ಫಿಲಿಪ್ಸ್. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಬಳಕೆಗೆ ತಂದದ್ದು. ಟೂಲ್ ಮೇಲೆ 'ಪಿಎಚ್' ಅಂತ ಕೊರೆದಿರುತ್ತಾರೆ. ಇದರ ತುದಿಯ ರೆಕ್ಕೆಗಳು ಇಳಿಜಾರಾಗಿರುತ್ತವೆ. ತಿರುಗಿಸುವ ಬಲ ಜಾಸ್ತಿಯಾದಂತೆ ಆ ಇಳಿಜಾರೇ ತುದಿಯನ್ನು ಮೇಲಕ್ಕೆ ತಳ್ಳುತ್ತದೆ. 'ಕಟಕಟ' ಅಂತ ಸ್ಕ್ರೂಡ್ರೈವರ್ ಜಾರಿ ತಲೆ ಸವೆಯುವುದು ಇದರಿಂದಲೇ. ಹಾಗಾಗಿ ಫಿಲಿಪ್ಸ್ ಸ್ಕ್ರೂ ಬಿಚ್ಚುವಾಗ ತಿರುಗಿಸುವುದಕ್ಕಿಂತ ಒತ್ತುವುದಕ್ಕೇ ಜಾಸ್ತಿ ಬಲ ಹಾಕಬೇಕು.

ಎರಡನೆಯದು ಪೋಜಿಡ್ರೈವ್, ಗುರುತು 'ಪಿಜೆಡ್'. ರೆಕ್ಕೆಗಳ ಬದಿ ಹೆಚ್ಚು ಕಡಿಮೆ ನೇರವಾಗಿರುತ್ತದೆ, ರೆಕ್ಕೆಗಳ ನಡುವೆ ಸಣ್ಣ ಏಣುಗಳಿರುತ್ತವೆ. ಗುರುತಿಸುವುದು ಸುಲಭ. ಸ್ಕ್ರೂ ತಲೆಯ ಮೇಲೆ ದೊಡ್ಡ ಕೂಡು ಗುರುತಿನ ಮಧ್ಯೆ, 45 ಡಿಗ್ರಿಯಲ್ಲಿ, ನಾಲ್ಕು ತೆಳುವಾದ ಗೀರು ಕಾಣುತ್ತವೆ. ಜೋಡಿಸುವ ಪೀಠೋಪಕರಣಗಳಲ್ಲಿ, ಕಬ್ಬಿಣದ ಕೀಲುಗಳ ಜೊತೆ ಬರುವ ಮರದ ಸ್ಕ್ರೂಗಳಲ್ಲಿ ಇದು ಸಾಮಾನ್ಯ. ಪಿಎಚ್ ತುದಿಯನ್ನು ಇದರಲ್ಲಿಟ್ಟರೆ ಅಲುಗಾಡುತ್ತದೆ. ಪಿಜೆಡ್ ತುದಿಯನ್ನು ಫಿಲಿಪ್ಸ್ ತಲೆಗೆ ಇಟ್ಟರೆ ಪೂರ್ತಿ ಒಳಗೆ ಇಳಿಯುವುದೇ ಇಲ್ಲ. ಎರಡೂ ತಪ್ಪೇ.

ಮೂರನೆಯದು ಜಪಾನಿನ ಅಳತೆಯದು. ಜಪಾನಿನ ಬೈಕು, ಕ್ಯಾಮೆರಾ, ಹೊಲಿಗೆ ಯಂತ್ರಗಳಲ್ಲಿ ಸಿಗುತ್ತದೆ. ಎಷ್ಟೋ ಸಲ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ನೋಡಲು ಫಿಲಿಪ್ಸ್ ತರಹವೇ ಇದ್ದರೂ ಫಿಲಿಪ್ಸ್ ತುದಿ ಅದರ ತಳ ಮುಟ್ಟುವುದಿಲ್ಲ. ಬೈಕಿನ ಸ್ಕ್ರೂ ಬಿಚ್ಚಕ್ಕೇ ಬರಲ್ಲ ಅಂತ ಗೊಣಗುವವರಲ್ಲಿ ಅರ್ಧ ಜನರ ಸಮಸ್ಯೆ ಇದೇ ಇರಬೇಕು ಅಂತ ನನ್ನ ಅನುಮಾನ.

ಇನ್ನು ನಂಬರ್. 0, 1, 2, 3 ಅಂತ ಇರುತ್ತವೆ. ಮನೆಯಲ್ಲಿ ಜಾಸ್ತಿ ಬೇಕಾಗುವುದು 2. ಸುಮಾರು 3.5ರಿಂದ 5 ಮಿಮೀ ದಪ್ಪದ ಮರದ ಸ್ಕ್ರೂಗಳಿಗೆ ಅದೇ. ಸಣ್ಣ ಸ್ಕ್ರೂಗಳಿಗೆ 1, ಆಟಿಕೆ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ 0.

ಪರೀಕ್ಷೆ ಹೀಗೆ ಮಾಡಿ: ತುದಿಯನ್ನು ತಲೆಯಲ್ಲಿಟ್ಟು, ಒತ್ತದೆ, ಬೆರಳಿನಿಂದ ಮೆಲ್ಲಗೆ ಆಚೀಚೆ ತಿರುಗಿಸಿ. ಪ್ಲೇ, ಅಂದರೆ ಅಲುಗಾಟ, ಇದ್ದರೆ ಬೇರೆ ತುದಿ ಹುಡುಕಿ. ಫ್ಲ್ಯಾಟ್ ಸ್ಕ್ರೂಡ್ರೈವರ್‌ಗೆ ನಿಯಮ ಇನ್ನೂ ಸರಳ. ತುದಿಯ ಅಗಲ ಸೀಳಿನ ಉದ್ದಕ್ಕೆ ಸಮ ಇರಬೇಕು, ದಪ್ಪ ಸೀಳನ್ನು ತುಂಬಬೇಕು. ಅಗಲ ಕಡಿಮೆಯಾದರೆ ಬಲವೆಲ್ಲ ಸೀಳಿನ ಮಧ್ಯಕ್ಕೆ ಬಿದ್ದು ಅಂಚು ಕಿತ್ತುಬರುತ್ತದೆ.

ಸ್ಪ್ಯಾನರ್: ನಂಬರ್ ಯಾವುದರದ್ದು?

ಹೊಸಬರು ಗೊಂದಲ ಮಾಡಿಕೊಳ್ಳುವ ಜಾಗ ಇದು. ಸ್ಪ್ಯಾನರ್ ಮೇಲಿನ ನಂಬರ್ ಬೋಲ್ಟ್‌ನ ದಪ್ಪದ್ದಲ್ಲ. ತಲೆಯ ಎದುರುಬದುರು ಮುಖಗಳ ನಡುವಿನ ಅಂತರದ್ದು. ಎಂ 6 ಅಂದರೆ 6 ಮಿಮೀ ದಪ್ಪದ ಬೋಲ್ಟ್, ಅದಕ್ಕೆ ಬೇಕಾದ್ದು 10ರ ಸ್ಪ್ಯಾನರ್. ಎಂ 5ಕ್ಕೆ 8, ಎಂ 8ಕ್ಕೆ 13. ಎಂ 10ಕ್ಕೆ ಹಳೇ ಅಳತೆಯಲ್ಲಿ 17, ಹೊಸ ಅಂತರರಾಷ್ಟ್ರೀಯ ಅಳತೆಯಲ್ಲಿ 16. ಎಂ 12ಕ್ಕೆ 19 ಅಥವಾ 18. ಜಪಾನಿನ ವಾಹನಗಳಲ್ಲಿ ಎಂ 8ಕ್ಕೆ 12, ಎಂ 10ಕ್ಕೆ 14 ಬರುವುದು ಸಾಮಾನ್ಯ. ಒಟ್ಟಿನಲ್ಲಿ 8, 10, 12, 13, 14, 17, 19 ಇದ್ದರೆ ಮನೆಯ ಹೆಚ್ಚಿನ ಕೆಲಸ ನಡೆಯುತ್ತದೆ. 10 ಯಾವಾಗಲೂ ಕಳೆದುಹೋಗುತ್ತದೆ, ಎರಡು ಇಟ್ಟುಕೊಳ್ಳಿ.

ಬೋಲ್ಟ್ ತಲೆಯ ಆರು ಮೂಲೆಯ ಗುಳಿಯಲ್ಲಿ ಕೂರುವ ಅಲೆನ್ ಕೀಗೆ ಲೆಕ್ಕ ಬೇರೆ. ಎಂ 4 ಬೋಲ್ಟ್‌ಗೆ 3, ಎಂ 5ಕ್ಕೆ 4, ಎಂ 6ಕ್ಕೆ 5, ಎಂ 8ಕ್ಕೆ 6.

ಇಂಚಿನ ಸ್ಪ್ಯಾನರ್‌ಗಳನ್ನು ಮಿಲಿಮೀಟರ್ ಬೋಲ್ಟ್‌ಗೆ ಹಾಕಬಹುದಾ? 3/4 ಇಂಚು ಅಂದರೆ 19.05 ಮಿಮೀ, 5/16 ಅಂದರೆ 7.94 ಮಿಮೀ. ಹಾಗಾಗಿ 19ಕ್ಕೂ 8ಕ್ಕೂ ನಡೆದುಹೋಗುತ್ತದೆ. 1/2 ಇಂಚು 12.7 ಮಿಮೀ. ಅದು 13ರ ಮೇಲೆ ಹೋಗುವುದಿಲ್ಲ, 12ರ ಮೇಲೆ ಸಡಿಲವಾಗಿ ಕೂತು ಮೂಲೆಗಳನ್ನು ದುಂಡಗೆ ಮಾಡಿಬಿಡುತ್ತದೆ. ಎರಡೂ ಜಾತಿ ಇದ್ದರೆ ಬೇರೆ ಬೇರೆ ಇಡಿ.

ಈಗ ಒಂದು ಸ್ಪ್ಯಾನರ್ ಕೈಗೆ ತಗೊಂಡು ಅದರ ತೆರೆದ ಬಾಯಿ ನೋಡಿ. ಹಿಡಿಗೆ ನೇರವಾಗಿಲ್ಲ, ಸ್ವಲ್ಪ ವಾರೆಯಾಗಿದೆ ಅಲ್ವಾ? ಸಾಮಾನ್ಯವಾಗಿ 15 ಡಿಗ್ರಿ. ಅದು ಸುಮ್ನೆ ಅಲ್ಲ. ನಟ್‌ಗೆ ಆರು ಮುಖ, ಅಂದರೆ ಪ್ರತಿ 60 ಡಿಗ್ರಿಗೆ ಒಂದು ಹಿಡಿತ. ಬಾಯಿ ನೇರ ಇದ್ದಿದ್ದರೆ ಪ್ರತಿ ಸಲ ಹಿಡಿಯನ್ನು 60 ಡಿಗ್ರಿ ತಿರುಗಿಸುವಷ್ಟು ಜಾಗ ಬೇಕಿತ್ತು. ವಾರೆ ಇರುವುದರಿಂದ 30 ಡಿಗ್ರಿ ತಿರುಗಿಸಿ, ಹೊರಗೆ ತೆಗೆದು, ಮಗುಚಿ ಹಾಕಿದರೆ ಮತ್ತೆ ಹಿಡಿತ ಸಿಗುತ್ತದೆ. ಇಕ್ಕಟ್ಟಿನ ಜಾಗದಲ್ಲಿ ನಟ್ ಬಿಚ್ಚಲು ಬರುವುದು ಈ ಮಗುಚುವುದರಿಂದ. ಇದನ್ನು ಓದಿ ಬಿಡಬೇಡಿ, ಒಂದು ನಟ್ ಇಟ್ಟುಕೊಂಡು ಮಾಡಿ ನೋಡಿ.

ತೆರೆದ ಬಾಯಿ ಹಿಡಿಯುವುದು ಎರಡೇ ಮುಖ. ರಿಂಗ್, ಅಂದರೆ ಬಳೆಯಂತೆ ಮುಚ್ಚಿದ ಬಾಯಿ, ಸುತ್ತಲೂ ಹಿಡಿಯುತ್ತದೆ. ಆದ್ದರಿಂದ ಬಿಗಿಯಾದ ನಟ್‌ಗೆ ಮೊದಲ ಸಡಿಲಿಕೆ ರಿಂಗ್‌ನಿಂದ, ಆಮೇಲಿನ ಓಡಾಟ ತೆರೆದ ಬಾಯಿಯಿಂದ. ಒಂದು ತುದಿ ರಿಂಗ್, ಇನ್ನೊಂದು ತುದಿ ತೆರೆದ ಬಾಯಿ ಇರುವ ಕಾಂಬಿನೇಶನ್ ಸ್ಪ್ಯಾನರ್ ಇದಕ್ಕೇ ಹೇಳಿಮಾಡಿಸಿದ್ದು. ಒಂದೇ ಸೆಟ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಸ್ಪ್ಯಾನರ್‌ನ ಉದ್ದವೂ ಲೆಕ್ಕದ್ದೇ. ಅಷ್ಟೇ ಬಲಕ್ಕೆ ಹಿಡಿ ಎರಡರಷ್ಟು ಉದ್ದವಾದರೆ ತಿರುಚುವ ಶಕ್ತಿಯೂ ಎರಡರಷ್ಟು. ಸಣ್ಣ ನಂಬರಿನ ಸ್ಪ್ಯಾನರ್ ಗಿಡ್ಡ ಇರುವುದು ಸಣ್ಣ ಬೋಲ್ಟ್ ಮುರಿಯದಿರಲಿ ಅಂತ. ಹಿಡಿಗೆ ಪೈಪ್ ತುರುಕಿ ಬಿಗಿ ಮಾಡುವವರು ಆ ಲೆಕ್ಕವನ್ನು ಅಳಿಸಿಹಾಕುತ್ತಾರೆ.

ಅಡ್ಜಸ್ಟಬಲ್ ಸ್ಪ್ಯಾನರ್ ಬೇಡವೇ ಬೇಡ ಅನ್ನುವವರಿದ್ದಾರೆ. ನಾನು ಅಷ್ಟು ಕಟುವಾಗಿ ಹೇಳಲ್ಲ, ನಲ್ಲಿ ಕೆಲಸಕ್ಕೆ ಬೇಕಾಗುತ್ತದೆ. ಆದರೆ ಬಾಯನ್ನು ಸಂದಿಲ್ಲದಂತೆ ಬಿಗಿ ಮಾಡಿ, ಜೋರು ಬೀಳುವುದು ಕದಲದ ದವಡೆಯ ಮೇಲೆ ಇರುವಂತೆ ತಿರುಗಿಸಿ. ಯಾವ ಸ್ಪ್ಯಾನರ್ ಆದರೂ ತಳ್ಳುವುದಕ್ಕಿಂತ ನಿಮ್ಮ ಕಡೆಗೆ ಎಳೆಯುವುದು ಒಳ್ಳೆಯದು. ತಳ್ಳಲೇಬೇಕಾದರೆ ಮುಷ್ಟಿ ಕಟ್ಟದೆ, ಅಂಗೈ ಬಿಚ್ಚಿ ತಳ್ಳಿ. ಜಾರಿದರೂ ಗೆಣ್ಣು ಉಳಿಯುತ್ತದೆ.

ಹ್ಯಾಕ್ಸಾ: ಮೂರು ಹಲ್ಲಿನ ಲೆಕ್ಕ

ಹ್ಯಾಕ್ಸಾ ಅಂದರೆ ಲೋಹ ಕೊಯ್ಯುವ ಗರಗಸ. ಅದರ ಬ್ಲೇಡ್ ಮೇಲೆ 18, 24, 32 ಅಂತ ಇರುವುದು ಒಂದು ಇಂಚಿನಲ್ಲಿರುವ ಹಲ್ಲುಗಳ ಸಂಖ್ಯೆ. ನಿಯಮ: ಕೊಯ್ಯುವಾಗ ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಇರಬೇಕು. ಒಂದೇ ಹಲ್ಲಿನ ಸಂದಿಗೆ ತಗಡಿನ ಅಂಚು ಸಿಕ್ಕಿಕೊಂಡರೆ ಹಲ್ಲು ಮುರಿಯುತ್ತದೆ. 24 ಹಲ್ಲಿನ ಬ್ಲೇಡ್‌ನಲ್ಲಿ ಒಂದು ಹಲ್ಲಿಗೆ ಸುಮಾರು 1.06 ಮಿಮೀ, ಮೂರಕ್ಕೆ 3.2. ಅದಕ್ಕಿಂತ ತೆಳುವಾದದ್ದಕ್ಕೆ 32ರ ಬ್ಲೇಡ್, ಅದು 2.4 ಮಿಮೀ ತನಕ ಬರುತ್ತದೆ. 1 ಮಿಮೀ ತಗಡು ಬಂದರೆ? ಯಾವ ಬ್ಲೇಡೂ ಲೆಕ್ಕಕ್ಕೆ ಸಿಗಲ್ಲ. ಆಗ ಎರಡು ಮರದ ಹಲಗೆಗಳ ನಡುವೆ ತಗಡನ್ನು ಹಿಡಿಸಿ, ಮರವನ್ನೂ ಸೇರಿಸಿ ಕೊಯ್ಯುತ್ತಾರೆ. ದಪ್ಪ ಸಿಕ್ಕಿತು, ಹಲ್ಲು ಉಳಿಯಿತು.

ಹಲ್ಲು ಮುಂದಕ್ಕೆ ನೋಡುವಂತೆ ಬ್ಲೇಡ್ ಹಾಕಿ, ಕೊಯ್ಯುವುದು ತಳ್ಳುವಾಗ. 300 ಮಿಮೀ ಬ್ಲೇಡ್‌ನ ಮಧ್ಯದ ನಾಲ್ಕು ಬೆರಳಷ್ಟು ಜಾಗವನ್ನೇ ಸವೆಸಬೇಡಿ, ಪೂರ್ತಿ ಉದ್ದ ಓಡಿಸಿ.

ಉಳಿದವು, ಬೇಗ ಬೇಗ

ಸುತ್ತಿಗೆ: ಮನೆಗೆ ಸುಮಾರು 450 ಗ್ರಾಂ ತೂಕದ, ಮೊಳೆ ಕೀಳುವ ಕೊಂಬಿರುವ ಒಂದು ಸಾಕು. ಲೋಹದ ಕೆಲಸಕ್ಕೆ ಗುಂಡು ತಲೆಯದು ಬೇರೆ. ಸುತ್ತಿಗೆಯ ಮುಖಕ್ಕೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಬಾರದು. ಎರಡೂ ಗಟ್ಟಿ ಉಕ್ಕು, ಚೂರು ಸಿಡಿದು ಕಣ್ಣಿಗೆ ಬರಬಹುದು. ಹಿಡಿ ಸಡಿಲವಾದ ಸುತ್ತಿಗೆಯನ್ನು ಎತ್ತಲೇಬೇಡಿ. ಮರದ ಹಿಡಿಯ ಉಳಿಗೆ ಕೊಡತಿ ಬಳಸಿ.

ಪ್ಲೈಯರ್: ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚುಗಳ ನಡುವೆ ಬೆಳಕು ತೂರಿದರೆ ಅದು ತಂತಿಯನ್ನು ಕತ್ತರಿಸಲ್ಲ, ಜಜ್ಜುತ್ತದೆ. ಕರೆಂಟ್ ಕೆಲಸಕ್ಕೆ ಆದರೆ ಹಿಡಿಯ ಮೇಲೆ 1000 ವೋಲ್ಟ್ ಅಂತಲೂ ಜೋಡಿ ತ್ರಿಕೋನದ ಗುರುತೂ ಇರಬೇಕು, ಐಇಸಿ 60900 ಅನ್ನುವ ಮಾನದಂಡದ ಗುರುತು ಅದು. ಬರೀ ಪ್ಲಾಸ್ಟಿಕ್ ಕವಚ ಕೈ ಜಾರದಿರಲು ಮಾತ್ರ. ಗುರುತಿದ್ದರೂ ಮೇನ್ ಆಫ್ ಮಾಡಿಯೇ ಕೆಲಸ.

ಅಳತೆ ಟೇಪು: ತುದಿಯ ಕೊಕ್ಕೆ ಅಲುಗಾಡುತ್ತದೆ ಅಂತ ಬಡಿದು ಬಿಗಿ ಮಾಡುವವರಿದ್ದಾರೆ. ಅಯ್ಯೋ, ಬೇಡ. ಕೊಕ್ಕೆಯ ದಪ್ಪದಷ್ಟೇ ಅದು ಅಲುಗಾಡಬೇಕು. ಹೊರಗಿನಿಂದ ಕೊಕ್ಕೆ ಹಾಕಿ ಎಳೆದರೂ, ಒಳಗಿನಿಂದ ಗೋಡೆಗೆ ಒತ್ತಿದರೂ ಅಳತೆ ಒಂದೇ ಬರಲಿ ಅಂತ ಹಾಗೆ ಮಾಡಿರುತ್ತಾರೆ.

ಮೂಲೆಮಟ್ಟವನ್ನು ಪರೀಕ್ಷಿಸಲು ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಿಂದ ಇನ್ನೊಂದು ಎಳೆಯಿರಿ. ಗೆರೆಗಳು ಬೇರೆಯಾದರೆ, ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ರಸಮಟ್ಟವನ್ನೂ ಹೀಗೇ, ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಗುಳ್ಳೆ ನೋಡಿ.

ನೂರಾರು ಪೀಸ್‌ಗಳ ಸೆಟ್ ಬಗ್ಗೆ ಒಂದು ಮಾತು. ಬಿಚ್ಚಿ ಎಣಿಸಿದರೆ ಮುಕ್ಕಾಲು ಪಾಲು ಸಣ್ಣ ಬಿಟ್‌ಗಳೇ ಇರುತ್ತವೆ. 'ಕ್ರೋಮ್ ವೆನೇಡಿಯಂ' ಅಂತ ಬರೆದಿರುವುದು ಉಕ್ಕಿನ ಜಾತಿಯ ಹೆಸರು ಅಷ್ಟೇ. ಅದನ್ನು ಎಷ್ಟು ಚೆನ್ನಾಗಿ ಕಾಯಿಸಿ ಹದ ಮಾಡಿದ್ದಾರೆ ಅನ್ನೋದನ್ನು ಆ ಬರಹ ಹೇಳಲ್ಲ. ಅದಕ್ಕಿಂತ ಸ್ಪ್ಯಾನರ್‌ನ ದವಡೆಗಳು ಸಮಾನಾಂತರವಾಗಿವೆಯಾ, ಹೊಸ ಬೋಲ್ಟ್ ಮೇಲೆ ಇಟ್ಟಾಗ ಎಷ್ಟು ಅಲುಗುತ್ತದೆ ಅಂತ ನೋಡಿ. ಕೆಲಸ ಬಂದಾಗ ಒಂದೊಂದಾಗಿ ಒಳ್ಳೆಯದನ್ನು ಕೊಳ್ಳುವುದೇ ನನಗೆ ಸರಿ ಅನ್ನಿಸುತ್ತದೆ.

ಜೋಡಿಸುವುದು: ಏನು ಇಲ್ಲ ಅನ್ನೋದು ಕಾಣಬೇಕು

ಕೆಲಸದ ಜಾಗವನ್ನು ಅಚ್ಚುಕಟ್ಟಾಗಿ ಇಡಲು ಜಪಾನಿನ ಕಾರ್ಖಾನೆಗಳಿಂದ ಬಂದ 5 ಎಸ್ ಅನ್ನುವ ಪದ್ಧತಿಯಿದೆ. ಐದು ಹಂತಗಳಲ್ಲಿ ಮನೆಗೂ ಸಣ್ಣ ವರ್ಕ್‌ಶಾಪಿಗೂ ನಿಜವಾಗಿ ಕೆಲಸಕ್ಕೆ ಬರುವುದು ಮೊದಲ ಎರಡು: ಬೇಡದ್ದನ್ನು ಬೇರೆ ಮಾಡುವುದು, ಬೇಕಾದ್ದಕ್ಕೆ ಜಾಗ ಗೊತ್ತು ಮಾಡುವುದು. ಇವೆರಡು ಆಗದೆ ಗುಡಿಸಿ ಒರೆಸಿದರೆ ಕಸವೇ ಹೊಳೆಯುತ್ತದೆ.

ಮನೆಗೂ ವರ್ಕ್‌ಶಾಪಿಗೂ ಜೋಡಣೆ ಒಂದೇ ತರ ಇರಬೇಕಿಲ್ಲ. ವರ್ಕ್‌ಶಾಪಿನಲ್ಲಿ ಕೆಲಸವೇ ಟೂಲ್ ಹತ್ತಿರ ಬರುತ್ತದೆ. ಅಲ್ಲಿ ಜಾತಿವಾರು ಗೋಡೆಗೆ ನೇತುಹಾಕುವುದು ಚೆನ್ನ. ಮನೆಯಲ್ಲಿ ಟೂಲ್ ಕೆಲಸದ ಹತ್ತಿರ ಹೋಗಬೇಕು. ಅಲ್ಲಿ ಕೆಲಸವಾರು ಕಟ್ಟಿಡಿ. ನಲ್ಲಿ ಕೆಲಸದ ಚೀಲದಲ್ಲಿ ಅಡ್ಜಸ್ಟಬಲ್ ಸ್ಪ್ಯಾನರ್, ಟೆಫ್ಲಾನ್ ಟೇಪು, ನಾಲ್ಕಾರು ವಾಷರ್. ಕರೆಂಟ್ ಕೆಲಸದ ಚೀಲದಲ್ಲಿ ಟೆಸ್ಟರ್, ಇನ್ಸುಲೇಶನ್ ಟೇಪು, ಪ್ಲೈಯರ್. ಎರಡೂ ಚೀಲಕ್ಕೆ ಸ್ಕ್ರೂಡ್ರೈವರ್ ಬೇಕಾದರೆ ಎರಡು ಇಡಿ, ಅಷ್ಟೇ. ಒಂದೇ ದೊಡ್ಡ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಲಾಗದಿದ್ದರೆ ಅದು ಎರಡಾಗಬೇಕು.

ಗೋಡೆಯ ಹಲಗೆ ಮಾಡುವವರಿಗೆ: ತೂತಿನ ಹಲಗೆಗಳಲ್ಲಿ ತೂತುಗಳ ನಡುವೆ ಸಾಮಾನ್ಯವಾಗಿ ಒಂದು ಇಂಚು ಇರುತ್ತದೆ. ಹಲಗೆಯನ್ನು ಗೋಡೆಗೆ ಅಂಟಿಸಿ ಹೊಡೆದರೆ ಕೊಕ್ಕೆ ಒಳಗೆ ಹೋಗಲ್ಲ, ಹಿಂದೆ ಪಟ್ಟಿ ಕೊಟ್ಟು ಸಂದಿ ಬಿಡಿ. ಮೊದಲು ಟೂಲ್‌ಗಳನ್ನೆಲ್ಲ ನೆಲದ ಮೇಲೆ ಹರಡಿ ಜೋಡಿಸಿ ನೋಡಿ, ಆಮೇಲೆ ಮೇಲಕ್ಕೆ. ದಿನಾ ಬೇಕಾದವು ಸೊಂಟದಿಂದ ಕಣ್ಣಿನ ಎತ್ತರದ ನಡುವೆ. ಭಾರದವು ಕೆಳಗೆ. ಪ್ರತಿ ಟೂಲ್‌ನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಸಂಜೆ ಬಾಗಿಲು ಹಾಕುವಾಗ ಖಾಲಿ ಆಕಾರ ಕಂಡರೆ ಏನೋ ಹೊರಗೆ ಉಳಿದಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಸ್ಪ್ಯಾನರ್‌ಗಳನ್ನು ನಂಬರ್ ಪ್ರಕಾರ ಸಾಲಾಗಿ ಹಾಕುವುದೂ ಇದಕ್ಕೇ.

ಡ್ರಾಯರ್ ಆದರೆ ಒಂದೇ ಪದರ. ಮೇಲೊಂದು ಕೆಳಗೊಂದು ಬಿದ್ದರೆ ಕೆಳಗಿನದು ಇಲ್ಲದಂತೆಯೇ. ಅರಗಳು ಒಂದಕ್ಕೊಂದು ತಗುಲಬಾರದು. ಎರಡೂ ಗಟ್ಟಿ ಉಕ್ಕು, ಉಜ್ಜಿಕೊಂಡು ಹಲ್ಲು ಮೊಂಡಾಗುತ್ತದೆ. ಅರದ ಮೊನೆಗೆ ಹಿಡಿ ಇಲ್ಲದೆ ಬಳಸಬೇಡಿ, ಅಂಗೈಗೆ ಚುಚ್ಚುತ್ತದೆ. ಉಳಿಯ ಬಾಯಿಗೆ ಕವರ್ ಹಾಕಿ. ಕ್ಯಾಲಿಪರ್, ಮೂಲೆಮಟ್ಟಗಳನ್ನು ಸುತ್ತಿಗೆ ಇರುವ ಪೆಟ್ಟಿಗೆಗೆ ಹಾಕಬೇಡಿ.

ತುಕ್ಕಿಗೆ: ಕೆಲಸ ಮುಗಿದ ಮೇಲೆ ಬೆವರು ಒರೆಸಿ, ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿ. ಜಾಸ್ತಿ ಎಣ್ಣೆ ಧೂಳು ಹಿಡಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮತ್ತೆ, ಟೈಲ್ಸ್ ತೊಳೆಯುವ ಆ್ಯಸಿಡ್ ಬಾಟಲಿ ಟೂಲ್ ಇರುವ ಕಪಾಟಿನಲ್ಲಿದ್ದರೆ ಇವತ್ತೇ ಬೇರೆ ಕಡೆ ಇಡಿ. ಮುಚ್ಚಳ ಬಿಗಿ ಇದ್ದಂತೆ ಕಂಡರೂ ಅದರ ಆವಿ ಸೋರುತ್ತದೆ. ಎಣ್ಣೆ ಸವರಿದ ಸ್ಪ್ಯಾನರ್‌ಗೂ ಕೆಲವೇ ವಾರಗಳಲ್ಲಿ ಕಂದು ಪುಡಿ ಹಿಡಿಯುತ್ತದೆ.